ಲ್ಯಾಪ್‌ಟಾಪಿನ ಫೋನು, ಕುಂಬಾರವಾಡದ ಫೋನು



ಇವತ್ತಿನ ಮಾತು ತಂತ್ರಾಂಶ ಬರೆಯಲು ಕಲಿಯುತ್ತಿರುವ ಎಳೆಯರಿಗೆ. ಅದರಲ್ಲೂ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಬಂದು ಹಳಿಯಾಳದ ವಿಶ್ವನಾಥರಾವ್ ದೇಶಪಾಂಡೆ ಎಂಜಿನಿಯರಿಂಗ್ ಕಾಲೇಜಿನಲ್ಲೋ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲೋ ಓದುತ್ತಿರುವವರಿಗೆ. ಮನೆಯಲ್ಲಿ ಕೂತು ಕೇಳುವ ಅವರ ಅಪ್ಪ ಅಮ್ಮಂದಿರಿಗೂ ತಿಳಿಯುವ ಹಾಗೆ ಹೇಳಲು ನೋಡುತ್ತೇನೆ. ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸುವವರು ಅವರೇ ತಾನೆ.

ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಈಗ ಬಹುಮಟ್ಟಿಗೆ ಒಂದು ಮೊಬೈಲ್ ಆ್ಯಪ್. ನಮ್ಮ ಸೀಮೆಯ ವಿಷಯವನ್ನೇ ತೆಗೆದುಕೊಳ್ಳೋಣ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು ಬರುವವರಿಗೆ ಗಣೇಶಗುಡಿ, ಕುಂಬಾರವಾಡ, ಅಣಶಿ, ಕ್ಯಾಸಲ್‌ರಾಕ್ ಸುತ್ತಲಿನ ಹೋಂಸ್ಟೇಗಳನ್ನು ನಕ್ಷೆಯ ಮೇಲೆ ತೋರಿಸುವ ಒಂದು ಆ್ಯಪ್ ಮಾಡಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಪರದೆಯ ಮೇಲೆ ಒಂದು ಹುಸಿ ಫೋನು ಕಾಣಿಸುತ್ತದೆ. ಅದೇ ಎಮ್ಯುಲೇಟರ್. ಅದನ್ನು ಸಿದ್ಧಮಾಡುವಾಗ ಗ್ರಾಫಿಕ್ಸ್ ಎಂಬ ಸಾಲಿನಲ್ಲಿ ಮೂರು ಆಯ್ಕೆಗಳಿರುತ್ತವೆ: ಆಟೊಮ್ಯಾಟಿಕ್, ಹಾರ್ಡ್‌ವೇರ್, ಸಾಫ್ಟ್‌ವೇರ್. ಹೆಚ್ಚಿನವರು ಅದರ ಕಡೆ ನೋಡುವುದೇ ಇಲ್ಲ. ಎಮ್ಯುಲೇಟರ್ ತೆವಳತೊಡಗಿದಾಗ, ಇಲ್ಲವೇ ಪರದೆ ಪೂರ್ತಿ ಕಪ್ಪಾದಾಗ, ಗೆಳೆಯನೊಬ್ಬ ಬಂದು ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಡುತ್ತಾನೆ. ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಆ ಸಾಲಿನ ಹಿಂದೆ ತಂತ್ರಾಂಶದವರು ಮತ್ತೆ ಮತ್ತೆ ಎದುರಿಸಿದ ಒಂದು ಪ್ರಶ್ನೆಯಿದೆ. ಪರದೆಯ ಮೇಲೆ ಕಾಣುವುದನ್ನು ಬಿಡಿಸುವವರು ಯಾರು? ಅದಕ್ಕೆಂದೇ ಇರುವ ಯಂತ್ರವೋ, ಅದರ ವೇಷ ಹಾಕಿದ ತಂತ್ರಾಂಶವೋ?

ಮೊದಲು ಕೆಲಸ ಎಷ್ಟಿದೆ ನೋಡಿ. ಅಗ್ಗದ ಫೋನಿನ ಪರದೆಯೂ ಈಗ 720 ಚುಕ್ಕಿ ಅಗಲ, 1600 ಚುಕ್ಕಿ ಉದ್ದ ಇರುತ್ತದೆ. ಒಟ್ಟು 11 ಲಕ್ಷ 52 ಸಾವಿರ ಚುಕ್ಕಿಗಳು. ನಕ್ಷೆಯನ್ನು ಬೆರಳಿನಿಂದ ಸರಿಸಿದಾಗ ಅದು ತಡೆಯಿಲ್ಲದೆ ಹರಿಯಬೇಕಾದರೆ ಸೆಕೆಂಡಿಗೆ 60 ಸಲ ಪರದೆಯನ್ನು ಹೊಸದಾಗಿ ಬಿಡಿಸಬೇಕು. ಅಂದರೆ ಸೆಕೆಂಡಿಗೆ ಸುಮಾರು 6 ಕೋಟಿ 90 ಲಕ್ಷ ಚುಕ್ಕಿ. ನಕ್ಷೆಯ ಮೇಲೆ ರಸ್ತೆ, ರಸ್ತೆಯ ಮೇಲೆ ಹೆಸರು, ಹೆಸರಿನ ಮೇಲೆ ಗುಂಡಿ ಎಂದು ಪದರಗಳು ಸೇರಿದರೆ ಒಂದೊಂದು ಚುಕ್ಕಿಗೂ ಮೂರು ನಾಲ್ಕು ಸಲ ಬಣ್ಣ ಹಚ್ಚಬೇಕಾಗುತ್ತದೆ. ಒಂದು ಚಿತ್ರಕ್ಕೆ ಸಿಗುವ ಸಮಯ 16 ಮಿಲಿಸೆಕೆಂಡಿಗಿಂತ ಒಂದಿಷ್ಟೇ ಹೆಚ್ಚು.

ಸಿಪಿಯು ಎಂಬುದು ಯಾವ ಕೆಲಸ ಕೊಟ್ಟರೂ ಮಾಡಬಲ್ಲ ಜಾಣ. ಆದರೆ ಎಕರೆಗಟ್ಟಲೆ ಗದ್ದೆಯ ನಾಟಿಯನ್ನು ಒಬ್ಬ ಜಾಣನಿಗೆ ಒಪ್ಪಿಸಿದರೆ ಏನಾದೀತೆಂದು ಮುಂಡಗೋಡ, ಹಳಿಯಾಳದ ಭತ್ತದ ರೈತರಿಗೆ ಗೊತ್ತು. ಅಲ್ಲಿ ಬೇಕಾದದ್ದು ಸಾಲಾಗಿ ನಿಂತು, ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡುವ ಹತ್ತಾರು ಕೈಗಳು. ಚಿತ್ರ ಬಿಡಿಸಲೆಂದೇ ಇರುವ ಜಿಪಿಯು ಆ ಬಗೆಯದು. ಒಂದೊಂದು ಘಟಕಕ್ಕೂ ತಿಳಿವು ಕಡಿಮೆ, ಸಂಖ್ಯೆ ಮಾತ್ರ ದೊಡ್ಡದು. ಒಂದೇ ಲೆಕ್ಕವನ್ನು ಸಾವಿರಾರು ಚುಕ್ಕಿಗಳಿಗೆ ಏಕಕಾಲಕ್ಕೆ ಮಾಡಿ ಮುಗಿಸುತ್ತದೆ. ಇದಕ್ಕೆ ಹಾರ್ಡ್‌ವೇರ್ ಆಕ್ಸಿಲರೇಷನ್ ಎನ್ನುತ್ತಾರೆ. ಜಿಪಿಯು ಇಲ್ಲದಿದ್ದಾಗ, ಅಥವಾ ಇದ್ದರೂ ನಂಬುವ ಹಾಗಿಲ್ಲದಿದ್ದಾಗ, ಅದು ಮಾಡುವುದನ್ನೆಲ್ಲ ಸಿಪಿಯು ಕೈಯಲ್ಲೇ ಮಾಡಿಸುವುದು ಗ್ರಾಫಿಕ್ಸ್ ಎಮ್ಯುಲೇಷನ್.

ನಮ್ಮ ಭಾಷೆಗಳ ಮಟ್ಟಿಗೆ ಈ ಪ್ರಶ್ನೆ ಮೊಬೈಲಿಗಿಂತ ಹಳೆಯದು. ಡಾಸ್ ಕಾಲದ ಕಂಪ್ಯೂಟರ್‌ಗಳಿಗೆ ನಮ್ಮ ಲಿಪಿಗಳು ಗೊತ್ತಿರಲಿಲ್ಲ. ಆಗ ಜಿಸ್ಟ್ ಕಾರ್ಡ್ ಬಂತು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ನಡೆದ ಕೆಲಸದಿಂದ ಹುಟ್ಟಿ, 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆಯ ಮೂಲಕ ದೇಶದ ಕಚೇರಿಗಳಿಗೆ ಹರಡಿದ ಕಾರ್ಡು ಅದು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಖಾಲಿ ಇದ್ದ ಸ್ಲಾಟಿಗೆ ಅದನ್ನು ಸಿಕ್ಕಿಸಬೇಕಿತ್ತು. ವರ್ಡ್‌ಸ್ಟಾರ್, ಡಿಬೇಸ್‌ನಂಥ ಇಂಗ್ಲಿಷ್ ತಂತ್ರಾಂಶಗಳು ತಮ್ಮ ಪಾಡಿಗೆ ಅಕ್ಷರ ಕಳಿಸುತ್ತಿದ್ದವು. ಕನ್ನಡದ ಗುಣಿತವನ್ನೂ ಒತ್ತನ್ನೂ ಜೋಡಿಸಿ ತೆರೆಗೆ ತರುವ ಹೊಣೆ ಕಾರ್ಡಿನದು. ಆಗಿನ ಸಿಪಿಯುಗೆ ಆ ಭಾರ ಹೊರುವ ಶಕ್ತಿ ಇರಲಿಲ್ಲ, ಹಾಗಾಗಿ ಯಂತ್ರಾಂಶವನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ಮುಂದೆ ಸಿಪಿಯು ಬಲಿಯಿತು, ವಿಂಡೋಸ್ ಬಂತು. 1998ರಲ್ಲಿ ಕನ್ನಡ ಬರೆಯುವ ಬರಹ ತಂತ್ರಾಂಶ ಬಂತು, ಆಮೇಲೆ ನುಡಿ ಬಂತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಕನ್ನಡದ ತುಂಗಾ ಫಾಂಟ್ ಬಂತು. ಕಾರ್ಡು ಮಾಡುತ್ತಿದ್ದ ಕೆಲಸವೆಲ್ಲ ತಂತ್ರಾಂಶದೊಳಗೆ ಸೇರಿಹೋಯಿತು, ಕಾರ್ಡು ಕಪಾಟು ಸೇರಿತು.

ಅದೇ ಹೊತ್ತಿಗೆ ಆಟಗಳ ಲೋಕದಲ್ಲಿ ಗಾಳಿ ತದ್ವಿರುದ್ಧವಾಗಿ ಬೀಸುತ್ತಿತ್ತು. 1996ರಲ್ಲಿ ಬಂದ ಕ್ವೇಕ್ ಎಂಬ ಆಟ ಮೂರು ಆಯಾಮದ ಚಿತ್ರಗಳನ್ನೆಲ್ಲ ಸಿಪಿಯು ಒಂದರಿಂದಲೇ ಬಿಡಿಸುತ್ತಿತ್ತು. ಮರುವರ್ಷ ಗ್ರಾಫಿಕ್ಸ್ ಕಾರ್ಡಿಗಾಗಿ ಅದರ ಇನ್ನೊಂದು ರೂಪ ಹೊರಬಿತ್ತು, ನೋಡಿದವರು ಹಿಂದಕ್ಕೆ ಹೋಗಲಿಲ್ಲ. ಒಂದೇ ದಶಕ, ಎರಡು ದಿಕ್ಕು. ಅಕ್ಷರ ಯಂತ್ರಾಂಶದಿಂದ ತಂತ್ರಾಂಶಕ್ಕೆ ಬಂತು, ಆಟ ತಂತ್ರಾಂಶದಿಂದ ಯಂತ್ರಾಂಶಕ್ಕೆ ಹೋಯಿತು. ಆದ್ದರಿಂದ ಇದರಲ್ಲಿ ಯಾವುದು ಮುಂದುವರಿದದ್ದು, ಯಾವುದು ಹಿಂದುಳಿದದ್ದು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಕೆಲಸ ಯಾವುದು, ಅದು ನಡೆಯುವ ಯಂತ್ರ ಯಾರ ಕೈಯಲ್ಲಿದೆ ಎಂಬುದನ್ನಷ್ಟೇ ಕೇಳುತ್ತೇನೆ.

ಈಗ ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಹುಡುಗರು ಎಡವುವ ಒಂದು ಜಾಗ ಇಲ್ಲಿದೆ. ಎಮ್ಯುಲೇಟರ್ ವಿಷಯದಲ್ಲಿ ಆಕ್ಸಿಲರೇಷನ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಗ್ರಾಫಿಕ್ಸಿನದು, ಇಷ್ಟು ಹೊತ್ತು ಹೇಳಿದ್ದು. ಇನ್ನೊಂದು ಸಿಪಿಯುವಿನದು. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ ಎನ್ನುವ ಈ ಸೌಲಭ್ಯ ಇದ್ದರೆ ಹುಸಿ ಫೋನಿನ ಆಜ್ಞೆಗಳನ್ನು ಲ್ಯಾಪ್‌ಟಾಪಿನ ಸಿಪಿಯು ನೇರವಾಗಿ ನಡೆಸುತ್ತದೆ. ಇದು ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಮುಚ್ಚಿದ್ದರೆ ನೀವು ಗ್ರಾಫಿಕ್ಸ್ ಸಾಲಿನಲ್ಲಿ ಏನೇ ಆರಿಸಿದರೂ ಎಮ್ಯುಲೇಟರ್ ನೆಟ್ಟಗೆ ಏಳುವುದಿಲ್ಲ. ಮೊದಲು ಅದನ್ನು ತೆರೆಯಿರಿ, ಆಮೇಲೆ ಗ್ರಾಫಿಕ್ಸ್ ವಿಚಾರ. ಹಳೆಯ ಪಾಠದ ವಿಡಿಯೋಗಳು ಈ ಸಿಪಿಯು ಸೌಲಭ್ಯಕ್ಕಾಗಿ ಇಂಟೆಲ್‌ನ ತಂತ್ರಾಂಶವಾದ ಹ್ಯಾಕ್ಸ್‌ಎಂ ಹಾಕಿಕೊಳ್ಳಿ ಎಂದು ಈಗಲೂ ಹೇಳುತ್ತಿರುತ್ತವೆ. ಇಂಟೆಲ್ ಅದರ ಕೆಲಸವನ್ನು 2023ರ ಜನವರಿಯಲ್ಲೇ ನಿಲ್ಲಿಸಿದೆ. ವಿಂಡೋಸ್‌ನಲ್ಲಿ ತನ್ನದೇ ಹೈಪರ್‌ವೈಸರ್ ಇದೆ, ಲಿನಕ್ಸ್‌ನಲ್ಲಿ ಕೆವಿಎಂ ಇದೆ, ಅವನ್ನು ಬಳಸಿ.

ಇಷ್ಟಾದ ಮೇಲೆ ದಿನನಿತ್ಯದ ಕೆಲಸಕ್ಕೆ ಹಾರ್ಡ್‌ವೇರ್ ಆಯ್ಕೆಯನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲವಲ್ಲ ಎಂದು ಚಿಂತೆ ಬೇಡ. ಈಚಿನ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಸಿಪಿಯು ಚಿಪ್ಪಿನೊಳಗೇ ಕೂತಿರುವ ಸಣ್ಣ ಜಿಪಿಯು ಈ ಕೆಲಸಕ್ಕೆ ಧಾರಾಳ ಸಾಕು. ಎಂಟು ಜಿಬಿ ಮೆಮೊರಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಹತ್ತು ಟ್ಯಾಬು ತೆರೆದ ಬ್ರೌಸರ್ ಇವೆಲ್ಲ ಒಟ್ಟಿಗೆ ಉಸಿರಾಡಬೇಕು. ಅದರ ಮೇಲೆ ಚಿತ್ರ ಬಿಡಿಸುವ ಹೊರೆಯನ್ನೂ ಸಿಪಿಯು ಮೇಲೆ ಹೇರಿದರೆ ಫ್ಯಾನಿನ ಸದ್ದು ಪಕ್ಕದ ಮನೆಗೆ ಕೇಳಿಸೀತು.

ಹಾಗಾದರೆ ಸಾಫ್ಟ್‌ವೇರ್ ಆಯ್ಕೆ ಬಡವರ ಪಾಲಿನದೇ? ಬಹಳ ಜನ ಹಾಗೆಂದೇ ತಿಳಿದಿದ್ದಾರೆ. ಆದರೆ ಆ ಆಯ್ಕೆಯ ಹಿಂದೆ ಕೂತಿರುವ ಸ್ವಿಫ್ಟ್‌ಶೇಡರ್ ಎಂಬ ತಂತ್ರಾಂಶ ಸಣ್ಣ ಸಾಧನೆಯಲ್ಲ. ಜಿಪಿಯುಗೆಂದು ಬರೆದ ಆಜ್ಞೆಗಳನ್ನು ಆಗಿಂದಾಗಲೇ ಸಿಪಿಯುವಿನ ಭಾಷೆಗೆ ತಿರುಗಿಸಿ, ಅದರ ಎಲ್ಲ ಕೋರ್‌ಗಳಿಗೂ ಹಂಚಿ ದುಡಿಸುತ್ತದೆ. ಗೂಗಲ್ 2016ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಲಿನಕ್ಸ್ ಕಡೆ ಇದೇ ಕೆಲಸಕ್ಕೆ ಮೆಸಾ ಯೋಜನೆಯ ಎಲ್‌ಎಲ್‌ವಿಎಂಪೈಪ್ ಇದೆ. ಮೆಸಾವನ್ನು ಬ್ರಯಾನ್ ಪಾಲ್ 1993ರಲ್ಲಿ ಶುರುಮಾಡಿದಾಗ ಅದು ಇಡಿಯಾಗಿ ತಂತ್ರಾಂಶದಿಂದಲೇ ಚಿತ್ರ ಬಿಡಿಸುವಂಥದ್ದಾಗಿತ್ತು. ವಿಂಡೋಸ್ 7ರಿಂದ ಮೈಕ್ರೋಸಾಫ್ಟ್ ಕೂಡ ವಾರ್ಪ್ ಎಂಬ ಇಂಥದೇ ವ್ಯವಸ್ಥೆಯನ್ನು ಒಳಗೇ ಇಟ್ಟಿದೆ. ಕಾಲೇಜಿನ ಲಿನಕ್ಸ್ ಲ್ಯಾಬಿನಲ್ಲಿ ಎಲ್ಲವೂ ಮಂದವಾಗಿದ್ದರೆ ಜಿಎಲ್‌ಎಕ್ಸ್‌ಇನ್ಫೊ ಆಜ್ಞೆ ಕೊಟ್ಟು ನೋಡಿ. ರೆಂಡರರ್ ಎಂಬ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಜಿಪಿಯು ಇದ್ದೂ ಮಲಗಿದೆ, ಇಲ್ಲವೇ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹಾಕಿಲ್ಲ.

ಸಾಫ್ಟ್‌ವೇರ್ ಆಯ್ಕೆಯ ನಿಜವಾದ ಗುಣ ಅದರ ನಿಷ್ಠೆ. ಜಿಪಿಯುಗಳು ಒಂದೊಂದೂ ಒಂದೊಂದು ಬಗೆ. ಒಂದೇ ಗೆರೆಯ ಅಂಚನ್ನು ಒಂದು ಕಂಪನಿಯ ಚಿಪ್ಪು ತುಸು ಗಾಢವಾಗಿ, ಇನ್ನೊಂದು ತುಸು ತೆಳುವಾಗಿ ಬಿಡಿಸುತ್ತದೆ. ಜಿಪಿಯುಗೆ ಆಜ್ಞೆ ಕೊಡುವ ಕ್ರಮವಾದ ಓಪನ್‌ಜಿಎಲ್‌ನ ನಿಯಮಾವಳಿಯೇ ಚುಕ್ಕಿಗೆ ಚುಕ್ಕಿ ಒಂದೇ ಫಲ ಬರಬೇಕೆಂದು ಕಟ್ಟುಪಾಡು ಹಾಕಿಲ್ಲ. ಆದರೆ ಸ್ವಿಫ್ಟ್‌ಶೇಡರಿನ ಒಂದೇ ಆವೃತ್ತಿಯನ್ನು ಹಿಡಿದುಕೊಂಡರೆ ಹಳಿಯಾಳದ ಲ್ಯಾಪ್‌ಟಾಪಿನಲ್ಲೂ ಬೆಂಗಳೂರಿನ ಸರ್ವರಿನಲ್ಲೂ ಹೆಚ್ಚುಕಡಿಮೆ ಅದೇ ಚಿತ್ರ ಮೂಡುತ್ತದೆ. ತಂಡದಲ್ಲಿ ನಾಲ್ಕು ಜನರಿದ್ದು, ನಾಲ್ವರ ಲ್ಯಾಪ್‌ಟಾಪೂ ಬೇರೆ ಬೇರೆಯಾಗಿದ್ದಾಗ ಇದರ ಬೆಲೆ ತಿಳಿಯುತ್ತದೆ. ಪ್ರತಿ ಬದಲಾವಣೆಯಾದ ಮೇಲೆ ಆ್ಯಪಿನ ಪುಟಗಳ ಚಿತ್ರ ತೆಗೆದು, ನಿನ್ನೆಯ ಚಿತ್ರದೊಡನೆ ತಾಳೆ ನೋಡುವ ಪರೀಕ್ಷೆಗಳಿವೆಯಲ್ಲ, ಅವನ್ನು ಯಾವತ್ತೂ ತಂತ್ರಾಂಶದಿಂದ ಬಿಡಿಸಿದ ಚಿತ್ರದ ಮೇಲೆಯೇ ಕಟ್ಟಬೇಕು. ಈ ಪರೀಕ್ಷೆ ನಡೆಸುವ ಬಾಡಿಗೆ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಜಿಪಿಯು ಇರುವುದೂ ಇಲ್ಲ.

ಈ ತಾಳೆ ನೋಡುವ ಪರೀಕ್ಷೆ ನಮ್ಮ ನಾಲ್ಕು ತಾಲೂಕುಗಳಿಗೆ ಬೇರೆಲ್ಲರಿಗಿಂತ ಹೆಚ್ಚು ಬೇಕು. ಇಲ್ಲಿ ಕನ್ನಡ ಇದೆ. ಹಳಿಯಾಳ, ಜೋಯಿಡಾದಲ್ಲಿ ಮರಾಠಿ, ಕೊಂಕಣಿ ಇವೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟಿನ ಜನ ಇದ್ದಾರೆ, ದ್ರೆಪುಂಗ್ ಮತ್ತು ಗಾದೆನ್ ಮಠಗಳಿವೆ. ಇವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದು ಆ್ಯಪ್ ಮಾಡುವುದಾದರೆ ಮೂರು ಲಿಪಿಗಳು ಬೇಕು. ಮೂರೂ ಜೋಡಣೆಯ ಲಿಪಿಗಳೇ. ಸ್ತ್ರೀ, ರಾಷ್ಟ್ರ ಎಂದು ಬರೆದು ನೋಡಿ, ಒತ್ತಿನ ಕೆಳಗೆ ಒತ್ತು ಇಳಿಯುತ್ತದೆ. ಟಿಬೆಟನ್ ಲಿಪಿಯಲ್ಲಿ ಅಕ್ಷರದ ಕೆಳಗೆ ಅಕ್ಷರ ಇನ್ನೂ ಆಳಕ್ಕೆ ಇಳಿಯುತ್ತದೆ. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಅಳತೆ ಮಾಡಿದ ಪೆಟ್ಟಿಗೆಯಲ್ಲಿ ಇವನ್ನು ಕೂರಿಸಿದರೆ ಕಾಲು ಕತ್ತರಿಸಿಹೋಗುತ್ತದೆ. ಎಷ್ಟು ಗುಂಡಿಗಳ ಮೇಲೆ ಒತ್ತಿಲ್ಲದ ಕನ್ನಡವನ್ನು ನಾವು ಓದಿಲ್ಲ! ಪ್ರತಿ ಪುಟವನ್ನೂ ಮೂರು ಲಿಪಿಯಲ್ಲಿ ಕಣ್ಣಿನಿಂದ ನೋಡಿ ಮುಗಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ, ಯಂತ್ರಕ್ಕೆ ಇರುತ್ತದೆ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಬಿಡುತ್ತೇನೆ. ಕನ್ನಡ ಪಠ್ಯದ ಪುಟ ನಿಧಾನವಾಗಿ ಸರಿಯುತ್ತಿದ್ದರೆ ಒಳ್ಳೆಯ ಜಿಪಿಯು ಇಲ್ಲದ್ದೇ ಕಾರಣ ಎನ್ನುವವರಿದ್ದಾರೆ. ಆದರೆ ಯಾವ ಅಕ್ಷರದ ಕೆಳಗೆ ಯಾವ ಒತ್ತು, ಯಾವ ಗುಣಿತ ಎಲ್ಲಿ ಕೂರಬೇಕು ಎಂಬ ಲೆಕ್ಕವನ್ನು ಆಂಡ್ರಾಯ್ಡಿನಲ್ಲಿ ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಅದು ನಡೆಯುವುದು ಸಿಪಿಯುವಿನಲ್ಲೇ, ನೀವು ಯಾವ ಆಯ್ಕೆ ಒತ್ತಿದ್ದರೂ ಸರಿ. ಜಿಪಿಯು ಪಾಲಿಗೆ ಬರುವುದು ಸಿದ್ಧವಾದ ಅಕ್ಷರದ ಅಚ್ಚುಗಳನ್ನು ಸರಿಯಾದ ಜಾಗದಲ್ಲಿ ಅಂಟಿಸುವ ಕೆಲಸ ಮಾತ್ರ. ಇಂಗ್ಲಿಷಿಗೆ ನೂರರ ಆಸುಪಾಸಿನ ಅಚ್ಚು ಸಾಕು, ಕನ್ನಡಕ್ಕೆ ನೂರಾರು ಬೇಕು. ಆದ್ದರಿಂದ ಒಮ್ಮೆ ಜೋಡಿಸಿದ ಸಾಲನ್ನು ಮತ್ತೆ ಮತ್ತೆ ಜೋಡಿಸದಂತೆ ನೆನಪಿನಲ್ಲಿಡಿ. ಪಟ್ಟಿಯನ್ನು ಸರಿಸುವಾಗ ಪ್ರತಿ ಸಲವೂ ಅಳತೆ ತೆಗೆಯಬೇಡಿ. ಅಲ್ಲಿ ಉಳಿಯುವ ಸಮಯ ದುಬಾರಿ ಯಂತ್ರ ಕೊಂಡರೂ ಉಳಿಯದು.

ಇಷ್ಟು ಹೇಳಿದ ಮೇಲೂ ಮುಖ್ಯವಾದದ್ದು ಉಳಿದಿದೆ. ಹಾರ್ಡ್‌ವೇರ್ ಆಯ್ಕೆಯಲ್ಲಿ ಬಿಡಿಸುವುದು ನಿಮ್ಮ ಲ್ಯಾಪ್‌ಟಾಪಿನ ಜಿಪಿಯು. ಸಾಫ್ಟ್‌ವೇರ್ ಆಯ್ಕೆಯಲ್ಲಿ ಬಿಡಿಸುವುದು ನಿಮ್ಮ ಲ್ಯಾಪ್‌ಟಾಪಿನ ಸಿಪಿಯು. ಎರಡರಲ್ಲೂ ಕುಂಬಾರವಾಡದ ಹೋಂಸ್ಟೇ ಯಜಮಾನನ ಜೇಬಿನಲ್ಲಿರುವ ಫೋನು ಎಲ್ಲೂ ಬರಲಿಲ್ಲ.

ಒಂದು ಉದಾಹರಣೆ ಸಾಕು. ಮಾಲಿ-400 ಎಂಬ ಜಿಪಿಯು ವರ್ಷಗಟ್ಟಲೆ ಅಗ್ಗದ ಆಂಡ್ರಾಯ್ಡ್ ಫೋನುಗಳ ಒಳಗೆ ಕೂತು ಬಂತು. ಅದಕ್ಕೆ ಗೊತ್ತಿರುವುದು ಓಪನ್‌ಜಿಎಲ್‌ನ ಮೊಬೈಲ್ ರೂಪವಾದ ಓಪನ್‌ಜಿಎಲ್ ಇಎಸ್ 2.0 ಮಾತ್ರ. ಲ್ಯಾಪ್‌ಟಾಪಿನ ಎಮ್ಯುಲೇಟರ್ ಧಾರಾಳವಾಗಿ 3ರ ಆವೃತ್ತಿ ಕೊಡುತ್ತದೆ, ನೀವು ಅದನ್ನು ನಂಬಿ ಬರೆದಿರುತ್ತೀರಿ. ಫೋನಿನಲ್ಲಿ ಆ್ಯಪ್ ತೆರೆಯುವುದೇ ಇಲ್ಲ. ಇದಾದರೂ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೊಂದಿದೆ. ಚುಕ್ಕಿಗಳ ಬಣ್ಣ ಲೆಕ್ಕಹಾಕುವಾಗ ಮಾಲಿ-400 ಬಳಸುವುದು 16 ಬಿಟ್ಟಿನ ದಶಮಾಂಶ ಸಂಖ್ಯೆಗಳನ್ನು. ಆ ಬಗೆಯ ಸಂಖ್ಯೆಯಲ್ಲಿ 2048ರವರೆಗೆ ಒಂದೊಂದಾಗಿ ಎಣಿಸಬಹುದು. ಅದರ ಮುಂದಿನದು 2050. ನಡುವಿನ 2049 ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. 4096 ದಾಟಿದರೆ ನಾಲ್ಕು ನಾಲ್ಕು ಹೆಜ್ಜೆ. ಈಗ ನಿಮ್ಮ ನಕ್ಷೆಯನ್ನು ನೆನೆಯಿರಿ. ನಕ್ಷೆಯ ಸ್ಥಾನಗಳನ್ನು ದೊಡ್ಡ ದೊಡ್ಡ ಸಂಖ್ಯೆಗಳಲ್ಲಿಟ್ಟುಕೊಂಡು, ಅವುಗಳಿಂದಲೇ ಗೆರೆಯ ಅಂಚನ್ನೋ ಚುಕ್ಕೆಗೆರೆಯ ವಿನ್ಯಾಸವನ್ನೋ ಲೆಕ್ಕಹಾಕಲು ಹೇಳಿದ್ದೀರಿ. ಲ್ಯಾಪ್‌ಟಾಪಿನಲ್ಲಿ ಎರಡೂ ಆಯ್ಕೆಗಳು ಲೆಕ್ಕವನ್ನು 32 ಬಿಟ್ಟಿನಲ್ಲಿ ಮಾಡುವುದರಿಂದ ಗೆರೆ ನುಣುಪಾಗಿ ಬರುತ್ತದೆ. ಫೋನಿನಲ್ಲಿ ಉಳವಿಗೆ ಹೋಗುವ ದಾರಿ ಗರಗಸದ ಹಲ್ಲಿನಂತೆ ಮುರಿದುಕೊಂಡು, ಬೆರಳು ಆಡಿಸಿದಂತೆ ನಡುಗುತ್ತದೆ. ಈ ದೋಷ ಎಮ್ಯುಲೇಟರಿನ ಮುಂದೆ ಎಷ್ಟು ಕೂತರೂ ಸಿಗುವುದಿಲ್ಲ.

ಮಾಲಿ-400 ಹಳೆಯದಾಯಿತು ಎನ್ನಬಹುದು. ಹೌದು, ಆದರೆ ಫೋನು ಕೆಡುವವರೆಗೂ ಬಳಸುವ ಊರುಗಳು ನಮ್ಮವು. ಈಗಿನ ಫೋನುಗಳ ಜಿಪಿಯು ಕೂಡ ಮಧ್ಯಮ ನಿಖರತೆ ಸಾಕು ಎಂದು ನೀವು ಬರೆದರೆ 16 ಬಿಟ್ಟಿಗೆ ಇಳಿಯಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ಲ್ಯಾಪ್‌ಟಾಪಿಗೆ ಇನ್ನಷ್ಟು ಮೆಮೊರಿ ಹಾಕಿಸಲು ಮನೆಯಲ್ಲಿ ದುಡ್ಡು ಕೇಳುವ ಮೊದಲು, ತಂಡದವರು ಸೇರಿ ಒಂದು ಹಳೆಯ ಅಗ್ಗದ ಫೋನು ಸಂಪಾದಿಸಿ ಎಂದು ಹೇಳುತ್ತೇನೆ. ದಾಂಡೇಲಿಯ ರಿಪೇರಿ ಅಂಗಡಿಯಲ್ಲಿ, ನೆಂಟರ ಮನೆಯ ಡ್ರಾಯರಿನಲ್ಲಿ ಅಂಥದ್ದು ಸಿಕ್ಕೇ ಸಿಗುತ್ತದೆ.

ನಕ್ಷೆಯ ವಿಚಾರದಲ್ಲಿ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಇಷ್ಟ. ಈಗಿನ ನಕ್ಷೆಗಳಲ್ಲಿ ಎರಡು ಬಗೆ. ಒಂದರಲ್ಲಿ ರಸ್ತೆ, ನದಿ, ಕಾಡುಗಳ ಅಂಕಿಅಂಶ ಬರುತ್ತದೆ, ಫೋನಿನ ಜಿಪಿಯು ಅದನ್ನು ಆ ಕ್ಷಣದಲ್ಲೇ ಬಿಡಿಸುತ್ತದೆ. ಇನ್ನೊಂದರಲ್ಲಿ ಮೊದಲೇ ಬಿಡಿಸಿಟ್ಟ ಚೌಕ ಚೌಕ ಚಿತ್ರಗಳು ಬರುತ್ತವೆ, ಫೋನು ಅವನ್ನು ಒತ್ತಟ್ಟಿಗೆ ಜೋಡಿಸಿದರೆ ಆಯಿತು. ಮೊದಲನೆಯದು ಅಂದವಾಗಿದೆ, ತಿರುಗಿಸಬಹುದು, ವಾಲಿಸಬಹುದು. ಎರಡನೆಯದಕ್ಕೆ ಲೀಫ್‌ಲೆಟ್‌ನಂಥ 2011ರಿಂದ ಬಳಕೆಯಲ್ಲಿರುವ ಹಗುರ ತಂತ್ರಾಂಶ ಸಾಕು, ಜಿಪಿಯುವಿನ ಹಂಗು ಕಡಿಮೆ. ಜೋಯಿಡಾದ ಕಾಡಿನ ನಡುವೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಾಂಡೇಲಿಯಲ್ಲಿ ಇರುವಾಗಲೇ ಒಂದು ಹೋಬಳಿಯಷ್ಟು ಜಾಗದ ಚೌಕಗಳನ್ನು ಫೋನಿಗೆ ಇಳಿಸಿಕೊಂಡರೆ ಮುಂದಿನ ದಾರಿಗೆ ಅಷ್ಟು ಸಾಕು. ಅಂದದ ಆಸೆಗೆ ಬಿದ್ದು ಜಿಪಿಯುವನ್ನು ಎಬ್ಬಿಸಲೇಬೇಕೆಂದು ಯಾರು ಹೇಳಿದರು? ಹೋಂಸ್ಟೇ ಹುಡುಕುವವನಿಗೆ ನಕ್ಷೆಯನ್ನು ವಾಲಿಸಿ ನೋಡುವ ಗರಜು ಇರುವುದಿಲ್ಲ.

ಬ್ಯಾಟರಿಯನ್ನೂ ಮರೆಯಬಾರದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೋ ತಿಳಿಯದ ಊರುಗಳಿವೆ. ಸತತವಾಗಿ ಚಲಿಸುವ ಚಿತ್ರವನ್ನು ಸಿಪಿಯುಗಿಂತ ಜಿಪಿಯು ಕಡಿಮೆ ವಿದ್ಯುತ್ತಿನಲ್ಲಿ ಬಿಡಿಸುತ್ತದೆ, ಅದು ಸರಿ. ಬಿಡಿಸದೇ ಇದ್ದರೆ ಇನ್ನೂ ಕಡಿಮೆ. ಏನೂ ಬದಲಾಗದ ಪರದೆಯನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸುವ ಆ್ಯಪುಗಳು ಬೇಕಾದಷ್ಟಿವೆ. ಒಂದು ಮೂಲೆಯಲ್ಲಿ ಸುಮ್ಮನೆ ತಿರುಗುವ ಚಕ್ರ ಇಟ್ಟರೆ ಸಾಕು, ಫೋನು ಮಲಗುವುದೇ ಇಲ್ಲ.

ಕೊನೆಗೆ, ಯಾವ ತೊಂದರೆ ಬಂದರೂ ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಮಾಡಿ ಎಂಬ ಸಲಹೆ ಇದೆಯಲ್ಲ, ಅದರ ಬಗ್ಗೆ. ಕ್ರೋಮ್ ಬ್ರೌಸರಿನಲ್ಲಿ ಈ ಗುಂಡಿ ಇದೆ. ಆಂಡ್ರಾಯ್ಡ್ 4.0ರಿಂದ ಆಕ್ಸಿಲರೇಷನ್ ತಾನಾಗಿಯೇ ಚಾಲೂ ಇದ್ದರೂ, ಆ್ಯಪಿನ ಒಂದೊಂದು ಭಾಗಕ್ಕೆ ಪ್ರತ್ಯೇಕವಾಗಿ ಸಾಫ್ಟ್‌ವೇರ್ ಪದರ ಕೇಳಬಹುದು. ಆಫ್ ಮಾಡಿದಾಗ ಅಕ್ಷರದ ಜಾಗದಲ್ಲಿ ಬರುತ್ತಿದ್ದ ಕಲಸುಮೇಲೋಗರ ಮಾಯವಾದರೆ, ದೋಷ ಡ್ರೈವರಿನಲ್ಲೋ ನೀವು ಜಿಪಿಯುಗೆ ಕೊಟ್ಟ ಆಜ್ಞೆಯಲ್ಲೋ ಇದೆ ಎಂದು ತಿಳಿಯಿತು. ಮಾಯವಾಗದಿದ್ದರೆ ಫಾಂಟನ್ನೂ ಜೋಡಣೆಯನ್ನೂ ಹುಡುಕಬೇಕೆಂದು ತಿಳಿಯಿತು. ಪರೀಕ್ಷೆಯಾಗಿ ಅದು ತುಂಬ ಒಳ್ಳೆಯದು. ಅದನ್ನೇ ಪರಿಹಾರವೆಂದು ಆ್ಯಪಿನೊಳಗೆ ಕಾಯಂ ಮಾಡಿದರೆ ಆ ಭಾಗ ಬದಲಾದಾಗಲೆಲ್ಲ ಸಿಪಿಯು ಅದನ್ನು ಪೂರ್ತಿ ಬಿಡಿಸಿ, ಮತ್ತೆ ಜಿಪಿಯುಗೆ ಸಾಗಿಸಬೇಕಾಗುತ್ತದೆ. ಎರಡು ಕಡೆಯ ಖರ್ಚೂ ನಿಮ್ಮ ತಲೆಗೇ ಬರುತ್ತದೆ. ಹಾಗೆ ಬಿಡುಗಡೆ ಮಾಡಲೇಬೇಕಾದ ದಿನ ಬಂದರೆ, ಯಾವ ಫೋನಿಗಾಗಿ, ಯಾವ ಡ್ರೈವರಿಗಾಗಿ ಹೀಗೆ ಮಾಡಿದೆವು ಎಂದು ಕೋಡಿನಲ್ಲಿ ಎರಡು ಸಾಲು ಕನ್ನಡದಲ್ಲೇ ಬರೆದಿಡಿ. ಮುಂದಿನ ವರ್ಷ ಆ ಪ್ರಾಜೆಕ್ಟನ್ನು ಕೈಗೆತ್ತಿಕೊಳ್ಳುವ ಕಿರಿಯರು ಅದನ್ನು ಯಾವಾಗ ತೆಗೆಯಬಹುದೆಂದು ತಾವೇ ನೋಡಿಕೊಳ್ಳುತ್ತಾರೆ.